ಬೇರೆ ಬೇರೆ ಕಾಲದ ಹೆವಿವೇಟ್‌ಗಳನ್ನು ಎದುರುಬದುರು ನಿಲ್ಲಿಸುವ ಮುನ್ನ ಏನೇನು ಗೊತ್ತು ಮಾಡಿಕೊಳ್ಳಬೇಕು?

ಮೂಲೆ ಸ್ಟೂಲ್ (ಪ್ರಶ್ನೆ):

ಹೆವಿವೇಟ್ ಬಾಕ್ಸಿಂಗ್‌ನಲ್ಲಿ ಎಂದೂ ಎದುರಾಗಲು ಸಾಧ್ಯವಿಲ್ಲದ ಜೋಡಿಗಳನ್ನು ತೆಗೆದುಕೊಂಡು ಇಲ್ಲಿ ಒಂದೊಂದಾಗಿ ಚರ್ಚೆ ನಡೆಸಬೇಕೆಂದಿದ್ದೇನೆ. ಸದ್ಯಕ್ಕೆ ಮೂರು ಜೋಡಿ: ಮುಹಮ್ಮದ್ ಅಲಿ ಮತ್ತು ಮೈಕ್ ಟೈಸನ್, ರಾಕಿ ಮಾರ್ಸಿಯಾನೊ ಮತ್ತು ಒಲೆಕ್ಸಾಂಡರ್ ಉಸಿಕ್, ಜೋ ಲೂಯಿಸ್ ಮತ್ತು ಲೆನಾಕ್ಸ್ ಲೂಯಿಸ್.

ಇಂಥ ಚರ್ಚೆ ಎಲ್ಲೇ ಶುರುವಾದರೂ ಹತ್ತು ಉತ್ತರ ಬರುವಷ್ಟರಲ್ಲಿ ಎರಡೇ ವಾದಕ್ಕೆ ಬಂದು ನಿಲ್ಲುತ್ತದೆ. ಒಂದು, "ಇವನು ಅವನನ್ನು ಸೋಲಿಸಿದ್ದ, ಅವನು ಮತ್ತೊಬ್ಬನನ್ನು ಸೋಲಿಸಿದ್ದ, ಹಾಗಾಗಿ ಇವನೇ ಮೇಲು". ಇನ್ನೊಂದು, "ಈಗಿನವರು ದೈತ್ಯರು, ಹಳಬರು ಇವರೆದುರು ನಿಲ್ಲೋದೇ ಇಲ್ಲ". ಇವೆರಡನ್ನೂ ದಾಟಿ ಮಾತಾಡಬೇಕಾದರೆ ಮೊದಲು ಏನನ್ನು ಗಟ್ಟಿ ಮಾಡಿಕೊಳ್ಳಬೇಕು? ತೂಕ ಎಷ್ಟರ ಮಟ್ಟಿಗೆ ಲೆಕ್ಕಕ್ಕೆ ಬರುತ್ತದೆ? ಯಾವ ಪಂದ್ಯ ನೋಡಿದರೆ ಒಬ್ಬನ ನಿಜವಾದ ಬಲಾಬಲ ಕಾಣುತ್ತದೆ? ಗೆಲ್ಲುವವನ ಹೆಸರಷ್ಟೇ ಬೇಡ. ಯಾವ ಹಂತದಲ್ಲಿ, ಯಾವ ಹೊಡೆತದಿಂದ, ಯಾಕೆ ಅಂತ ಬಿಡಿಸಿ ಹೇಳಿ.

ಹದಿಮೂರನೇ ರೌಂಡ್:

ಮೊದಲ ಕೆಲಸ, ತಾರೀಖು ಹಾಕುವುದು. "ಅಲಿ" ಅನ್ನುವ ಒಬ್ಬ ಬಾಕ್ಸರ್ ಇಲ್ಲ. 1966ರ ನವೆಂಬರ್ 14ರಂದು ಹ್ಯೂಸ್ಟನ್ನಿನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನ ಸುತ್ತ ಕುಣಿದ 24 ವರ್ಷದ ಅಲಿ ಬೇರೆ. 1967ರಿಂದ ಮೂರೂವರೆ ವರ್ಷ ರಿಂಗ್‌ನಿಂದ ಹೊರಗಿದ್ದು ಬಂದು 1974ರ ಅಕ್ಟೋಬರ್ 30ರಂದು ಕಿನ್ಶಾಸದಲ್ಲಿ ಹಗ್ಗಕ್ಕೆ ಒರಗಿ ಆಗಿನ ಚಾಂಪಿಯನ್ ಜಾರ್ಜ್ ಫೋರ್‌ಮನ್‌ನ ಏಟು ತಿಂದು, ಎಂಟನೇ ರೌಂಡಿನಲ್ಲಿ ಕೆಡವಿದ ಅಲಿ ಬೇರೆ. ಮೊದಲನೆಯವನಿಗೆ ಕಾಲೇ ರಕ್ಷಣೆ. ಎರಡನೆಯವನಿಗೆ ದವಡೆಯ ಗಟ್ಟಿತನ ಮತ್ತು ತಬ್ಬಿ ಹಿಡಿಯುವ ಕಲೆ ರಕ್ಷಣೆ. ಫೋರ್‌ಮನ್ನನ ವಿಷಯದಲ್ಲೂ ಹೀಗೆಯೇ: 1973ರಲ್ಲಿ ಕಿಂಗ್‌ಸ್ಟನ್‌ನಲ್ಲಿ ಜೋ ಫ್ರೇಜರ್‌ನನ್ನು ಎರಡೇ ರೌಂಡಿನಲ್ಲಿ ಆರು ಸಲ ಕೆಡವಿದವನ ತೂಕ 99 ಕೆಜಿ ಸುಮಾರು. 1994ರಲ್ಲಿ 45ನೇ ವಯಸ್ಸಿನಲ್ಲಿ ಮೈಕಲ್ ಮೂರರ್‌ನನ್ನು ಹತ್ತನೇ ರೌಂಡಿನಲ್ಲಿ ಮಲಗಿಸಿದವನ ತೂಕ 113. ಎರಡನೆಯವನು ನಿಧಾನ, ಆದರೆ ಉಸಿರು ಕಾಯ್ದುಕೊಳ್ಳುವುದನ್ನು ಕಲಿತವನು. ಯಾವ ರಾತ್ರಿಯ ಮನುಷ್ಯ ಅಂತ ಹೇಳದೆ ಹೆಸರು ಮಾತ್ರ ಹೇಳಿದರೆ ಎರಡು ಕಡೆಯವರೂ ತಮಗೆ ಬೇಕಾದ ಮನುಷ್ಯನನ್ನು ಮನಸ್ಸಿನಲ್ಲಿಟ್ಟುಕೊಂಡು ವಾದಿಸುತ್ತಾರೆ. ಅಂಥ ಜಗಳ ಮುಗಿಯುವುದಿಲ್ಲ.

ಎರಡನೆಯದು ರೌಂಡುಗಳ ಸಂಖ್ಯೆ. ಇದನ್ನು ಬಹಳ ಜನ ಸಣ್ಣ ವಿಷಯ ಅಂದುಕೊಳ್ಳುತ್ತಾರೆ, ಆದರೆ ಇತಿಹಾಸವನ್ನೇ ತಿರುಗಿಸುವ ವಿಷಯ ಇದು. 1982ರ ನವೆಂಬರ್‌ನಲ್ಲಿ ಲಾಸ್ ವೇಗಸ್‌ನಲ್ಲಿ ಮ್ಯಾನ್ಸಿನಿ ಜತೆಗಿನ ಪಂದ್ಯದ 14ನೇ ರೌಂಡಿನಲ್ಲಿ ಬಿದ್ದ ಕೊರಿಯಾದ ಕಿಮ್ ಡಕ್-ಕೂ ತೀರಿಕೊಂಡ ಮೇಲೆ ಪ್ರಶಸ್ತಿ ಪಂದ್ಯಗಳು 15ರಿಂದ 12 ರೌಂಡಿಗೆ ಇಳಿದವು. ಮೊದಲು ಡಬ್ಲ್ಯುಬಿಸಿ ಎಂಬ ಪ್ರಶಸ್ತಿ ಸಂಸ್ಥೆ ಇಳಿಸಿತು, 80ರ ದಶಕ ಮುಗಿಯುವಷ್ಟರಲ್ಲಿ ಉಳಿದ ಸಂಸ್ಥೆಗಳೂ. ಈಗ ಹಿಂದಕ್ಕೆ ಹೋಗಿ ನೋಡಿ. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ 12 ರೌಂಡ್ ಮುಗಿದಾಗ ತೀರ್ಪು ಕೊಡುವ ಮೂವರ ಲೆಕ್ಕದಲ್ಲೂ ಆಗಿನ ಚಾಂಪಿಯನ್ ಜರ್ಸಿ ಜೋ ವಾಲ್ಕಾಟ್‌ನೇ ಮುಂದಿದ್ದ. 13ನೇ ರೌಂಡಿನ ಒಂದೇ ಬಲಗೈ ಹೊಡೆತ ಮಾರ್ಸಿಯಾನೊನನ್ನು ಚಾಂಪಿಯನ್ ಮಾಡಿತು. 12 ರೌಂಡಿನ ಕಾಲವಾಗಿದ್ದರೆ 49 ಗೆಲುವು, ಸೊನ್ನೆ ಸೋಲಿನ ಆ 49-0 ದಾಖಲೆಯೇ ಇರುತ್ತಿರಲಿಲ್ಲ. 1941ರ ಜೂನ್ 18ರಂದು ಬಿಲ್ಲಿ ಕಾನ್ 12 ರೌಂಡ್ ಮುಗಿದಾಗ ಎರಡು ಕಾರ್ಡ್‌ಗಳಲ್ಲಿ (ಅಂಕಪಟ್ಟಿಗಳಲ್ಲಿ) ಮುಂದಿದ್ದ, ಮೂರನೆಯದರಲ್ಲಿ ಸಮ. 13ನೇ ರೌಂಡು ಮುಗಿಯಲು ಎರಡು ಸೆಕೆಂಡ್ ಇದೆ ಎನ್ನುವಾಗ ಜೋ ಲೂಯಿಸ್ ಅವನನ್ನು ಮುಗಿಸಿದ. 1978ರಲ್ಲಿ ಹೋಮ್ಸ್ ಮತ್ತು ನಾರ್ಟನ್ 14 ರೌಂಡ್ ಆದ ಮೇಲೂ ಸರಿಸಮ, 15ನೆಯದೇ ಪ್ರಶಸ್ತಿಯನ್ನು ತೀರ್ಮಾನಿಸಿತು.

ಅಂದರೆ 15 ರೌಂಡ್ ಅಂತ ಇಟ್ಟರೆ ಮಾರ್ಸಿಯಾನೊ, ಜೋ ಲೂಯಿಸ್, ಅಲಿ ಇವರಿಗೆಲ್ಲ ಅನುಕೂಲ. ಕೊನೆಯ ಮೂರು ರೌಂಡಿಗೆ ಉಸಿರು ಉಳಿಸಿಕೊಳ್ಳುವುದು ಅವರಿಗೆ ವೃತ್ತಿಯ ಭಾಗವಾಗಿತ್ತು. 12 ಅಂತ ಇಟ್ಟರೆ ಟೈಸನ್‌ಗೂ ಈಗಿನ ದೊಡ್ಡ ದೇಹದವರಿಗೂ ಅನುಕೂಲ. 120 ಕೆಜಿ ಹೊತ್ತುಕೊಂಡು 13, 14, 15ನೇ ರೌಂಡ್ ಆಡುವ ತರಬೇತಿಯನ್ನು ಈಗಿನವರು ಯಾರೂ ಮಾಡಿದವರಲ್ಲ.

ಗ್ಲೌಸ್: ಜ್ಯಾಕ್ ಡೆಂಪ್ಸಿ ಕಾಲಕ್ಕೆ (1919ರ ಸುಮಾರಿಗೆ) ಐದಾರು ಔನ್ಸ್, ಅಲಿ ಕಾಲಕ್ಕೆ ಎಂಟು, ಈಗ ಹತ್ತು. ಸಣ್ಣ ಗ್ಲೌಸ್ ಚರ್ಮ ಬೇಗ ಸೀಳುತ್ತದೆ, ಜತೆಗೆ ಹೊಡೆಯುವವನ ಕೈಯನ್ನೂ ಬೇಗ ಮುರಿಯುತ್ತದೆ. ದೊಡ್ಡ ಗ್ಲೌಸನ್ನು ಮುಖದ ಮುಂದೆ ಗೋಡೆಯಂತೆ ಹಿಡಿದು ಅವಿತುಕೊಳ್ಳಬಹುದು, ಆರು ಔನ್ಸಿನ ಗ್ಲೌಸ್‌ನಲ್ಲಿ ಆ ರಕ್ಷಣೆ ಸೋರುತ್ತದೆ. ಹಳಬರು ಮುಂಗೈ ಅಡ್ಡ ಹಿಡಿದು ಭುಜ ತಿರುಗಿಸಿ ಏಟು ಜಾರಿಸುತ್ತಿದ್ದದ್ದಕ್ಕೆ ಇದೂ ಒಂದು ಕಾರಣ.

ರಿಂಗ್ 16 ಅಡಿಯಿಂದ 24 ಅಡಿಯವರೆಗೆ ಎಷ್ಟಾದರೂ ಇರಬಹುದು. 1966ರ ಅಲಿಗೆ 20 ಅಡಿಯ ರಿಂಗ್ ಕೊಡುತ್ತೀರೋ 16 ಅಡಿಯದೋ ಅನ್ನುವುದರಲ್ಲೇ ಅರ್ಧ ಪಂದ್ಯ ಇದೆ. ಇನ್ನು ರೆಫರಿ. ಅದನ್ನು ಮರೆಯಲೇಬೇಡಿ, ಯಾರಾದರೂ ಅಲಿ-ಟೈಸನ್ ಬಗ್ಗೆ ಬರೆಯುವಾಗ ಅದು ಬಂದೇ ಬರುತ್ತದೆ.

ತಕ್ಕಡಿ:

ತೂಕದ ಪ್ರಶ್ನೆಗೆ ಉತ್ತರ ಕೊಡುತ್ತೇನೆ. ಜೋಡಿಯಲ್ಲಿ ಜೋ-ಲೆನಾಕ್ಸ್ ತೆಗೆದುಕೊಳ್ಳುತ್ತೇನೆ, ಅದು ಪೂರ್ತಿ ಮೈಕಟ್ಟಿನ ಪ್ರಶ್ನೆಯೇ.

ಮೊದಲು ಅಂಕಿ. 1919ರಲ್ಲಿ ಡೆಂಪ್ಸಿ 85 ಕೆಜಿ. 1938ರಲ್ಲಿ ಶ್ಮೆಲಿಂಗ್‌ನನ್ನು 124 ಸೆಕೆಂಡಿನಲ್ಲಿ ಮುಗಿಸಿದ ರಾತ್ರಿ ಜೋ ಲೂಯಿಸ್ 90. ಮಾರ್ಸಿಯಾನೊ 83ರಿಂದ 86. 1966ರ ಅಲಿ 96. 1988ರ ಟೈಸನ್ 99. ಲೆನಾಕ್ಸ್ 2002ರಲ್ಲಿ 113. ಟೈಸನ್ ಫ್ಯೂರಿ 2020ರಲ್ಲಿ 124. ಹೆವಿವೇಟ್‌ಗಿಂತ ಹಗುರದ ಕ್ರೂಸರ್‌ವೇಟ್ ವಿಭಾಗದ ಈಗಿನ ಮಿತಿ 200 ಪೌಂಡ್, ಅಂದರೆ 90.7 ಕೆಜಿ. ಆ ವಿಭಾಗವೇ 1979-80ರ ತನಕ ಇರಲಿಲ್ಲ. ಹಾಗಾಗಿ ಡೆಂಪ್ಸಿ, ಮಾರ್ಸಿಯಾನೊ, 1938ರ ಜೋ ಇವರೆಲ್ಲ ಇಂದಿನ ಲೆಕ್ಕದಲ್ಲಿ ಹೆವಿವೇಟ್‌ಗಳೇ ಅಲ್ಲ.

ಇಲ್ಲಿ ಹಳಬರ ಪರವಾಗಿ ಒಂದು ವಾದ ತಪ್ಪದೆ ಬರುತ್ತದೆ: "ಡೆಂಪ್ಸಿ 111 ಕೆಜಿಯ ವಿಲ್ಲರ್ಡ್‌ನನ್ನು ಮೊದಲ ರೌಂಡಿನಲ್ಲೇ ಏಳು ಸಲ ಕೆಡವಿದ, ಜೋ ಲೂಯಿಸ್ ಆರೂವರೆ ಅಡಿಯ ಬಡ್ಡಿ ಬೇರ್‌ನನ್ನು ಒಂದೇ ರೌಂಡಿನಲ್ಲಿ ಮುಗಿಸಿದ, ಕಾರ್ನೆರಾನನ್ನು ಆರರಲ್ಲಿ". ಎಲ್ಲವೂ ನಿಜ. ಆದರೆ ವಿಲ್ಲರ್ಡ್‌ಗೆ ಆಗ 37 ವರ್ಷ, ಮೂರು ವರ್ಷದಿಂದ ಒಂದೂ ಪ್ರಶಸ್ತಿ ಪಂದ್ಯ ಆಡಿರಲಿಲ್ಲ. ಕಾರ್ನೆರಾಗೆ ದೇಹ ಇತ್ತು, ಕೈಗೆ ಬುದ್ಧಿ ಇರಲಿಲ್ಲ. ಇವರನ್ನು ಸೋಲಿಸಿದ್ದು ಅಷ್ಟೇ ದೊಡ್ಡ ದೇಹದ, ಅದರ ಜತೆಗೆ ನೇರ ಜ್ಯಾಬ್ (ಮುಂದಿನ ಕೈಯಿಂದ ಹೊಡೆಯುವ ಚುರುಕು ಗುದ್ದು), ಅಂತರದ ಅಂದಾಜು, ಹಿಂದಡಿ ಇಡುವ ಶಿಸ್ತು ಎಲ್ಲ ಇರುವ ಲೆನಾಕ್ಸ್‌ನನ್ನು ಸೋಲಿಸಬಲ್ಲನೆಂಬುದಕ್ಕೆ ಸಾಕ್ಷಿ ಆಗುವುದಿಲ್ಲ.

ಹಾಗಂತ ದೊಡ್ಡ ದೇಹವೇ ಗೆಲ್ಲುತ್ತದೆ ಅನ್ನುವವರೂ ಲೆಕ್ಕ ನೋಡುವುದಿಲ್ಲ. 2009ರ ನವೆಂಬರ್‌ನಲ್ಲಿ 98 ಕೆಜಿಯ ಡೇವಿಡ್ ಹೇ, 143 ಕೆಜಿಯ ಏಳಡಿ ವಾಲುಯೆವ್‌ನನ್ನು ಅಂಕಗಳಲ್ಲಿ ಸೋಲಿಸಿದ. 2024ರ ಮೇ 18ರಂದು ರಿಯಾದ್‌ನಲ್ಲಿ 101 ಕೆಜಿಯ ಉಸಿಕ್, 119 ಕೆಜಿಯ ಫ್ಯೂರಿಯನ್ನು. ಡಿಸೆಂಬರ್‌ನಲ್ಲಿ ಮತ್ತೆ, ಆಗ ಫ್ಯೂರಿ 127 ಕೆಜಿ. ಈ ಗೆಲುವುಗಳಲ್ಲಿ ಒಂದು ಸಾಮ್ಯ ಇದೆ: ಸಣ್ಣವನು ನಿಂತು ಹೊಡೆದಾಡಲಿಲ್ಲ, ಹೊಡೆದ ಜಾಗದಲ್ಲಿ ಉಳಿಯಲೂ ಇಲ್ಲ. ಮೈಭಾರ ನಿಜವಾಗಿ ಕೆಲಸ ಮಾಡುವುದು ತಬ್ಬಿ ಹಿಡಿದಾಗ. 113 ಕೆಜಿಯವನು 90 ಕೆಜಿಯವನ ಕುತ್ತಿಗೆ ಮೇಲೆ ಒರಗಿದರೆ ಪ್ರತಿ ರೌಂಡಿನಲ್ಲಿ ಸಣ್ಣವನ ತೊಡೆ, ಸೊಂಟ ಸೋಲುತ್ತ ಹೋಗುತ್ತದೆ. ಎಂಟನೇ ರೌಂಡಿಗೆ ಅವನ ಹೊಡೆತದಲ್ಲಿ ಕಾಲಿನ ಬಲ ಇರುವುದಿಲ್ಲ, ಕೈ ಮಾತ್ರ ಇರುತ್ತದೆ. ವ್ಲಾದಿಮಿರ್ ಕ್ಲಿಚ್ಕೊ 2013ರಲ್ಲಿ ಮಾಸ್ಕೋದಲ್ಲಿ ಪೊವೆಟ್‌ಕಿನ್‌ನನ್ನು ಸೋಲಿಸಿದ್ದು ಬಹುಪಾಲು ಹೀಗೇ. ರೆಫರಿ ಅಂಕ ಕಡಿದದ್ದು 11ನೇ ರೌಂಡಿನಲ್ಲಿ, ಅಷ್ಟೊತ್ತಿಗೆ ಆಗಬೇಕಾದ್ದು ಆಗಿತ್ತು.

ಈಗ ಜೋ-ಲೆನಾಕ್ಸ್. ಜೋ 6 ಅಡಿ 2 ಇಂಚು, ರೀಚ್ (ಎರಡೂ ತೋಳು ಚಾಚಿದಾಗಿನ ಅಳತೆ) 76 ಇಂಚು. ಲೆನಾಕ್ಸ್ 6 ಅಡಿ 5 ಇಂಚು, ರೀಚ್ 84. ಜೋ ಚಪ್ಪಲಿ ಸವರಿದಂತೆ ಸಣ್ಣ ಹೆಜ್ಜೆಯಲ್ಲಿ ಮುಂದೆ ಸರಿಯುವವನು, ಹಾರುವುದಿಲ್ಲ, ಸುತ್ತುವುದಿಲ್ಲ. ಅವನ ಗುದ್ದುಗಳು ಆರೇಳು ಇಂಚು ದೂರದಿಂದ ಹೊರಟು ಪೂರ್ತಿ ಬಲದಲ್ಲಿ ತಾಗುತ್ತವೆ, ಒಂದಾದ ಮೇಲೊಂದು ಎಡೆ ಬಿಡದೆ. ಅಲ್ಲಿಗೆ ತಲುಪಿದರೆ ಲೆನಾಕ್ಸ್ ಬೀಳುತ್ತಾನೆ, ಅನುಮಾನ ಬೇಡ. 1994ರಲ್ಲಿ ವೆಂಬ್ಲಿಯಲ್ಲಿ ಆಲಿವರ್ ಮ್ಯಾಕಾಲ್ ಎರಡನೇ ರೌಂಡಿನಲ್ಲಿ, 2001ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ರಹಮಾನ್ ಐದನೆಯದರಲ್ಲಿ, ಇಬ್ಬರೂ ಒಂದೊಂದು ಬಲಗೈಯಿಂದ ಅವನನ್ನು ಮುಗಿಸಿದ್ದಾರೆ. ಜೋನ ಬಲಗೈ ಅವರಿಬ್ಬರದಕ್ಕಿಂತ ಚಿಕ್ಕ ದಾರಿಯಲ್ಲಿ ಬರುತ್ತದೆ.

ಆದರೆ ತಲುಪುವ ದಾರಿಯಲ್ಲಿ ಒಂದು ತೊಡಕಿದೆ. ಜೋ ಜ್ಯಾಬ್ ಹೊಡೆದ ಮೇಲೆ ಎಡಗೈಯನ್ನು ಕೆಳಗಿನಿಂದ ವಾಪಸ್ ತರುತ್ತಿದ್ದ. ಶ್ಮೆಲಿಂಗ್ ಅದನ್ನು ಕಂಡುಕೊಂಡು 1936ರಲ್ಲಿ ಅದರ ಮೇಲಿಂದ ಬಲಗೈ ಹಾಕಿ ಹಾಕಿ 12ನೇ ರೌಂಡಿನಲ್ಲಿ ಮಲಗಿಸಿದ. ಆಮೇಲೆ ಸರಿಪಡಿಸಿಕೊಂಡ, ಆದರೂ ಬಲಗೈಗೆ ಸಿಗುವುದು ಪೂರ್ತಿ ನಿಲ್ಲಲಿಲ್ಲ: 1947ರಲ್ಲಿ ವಾಲ್ಕಾಟ್ ಎರಡು ಸಲ ಕೆಡವಿದ. ಲೆನಾಕ್ಸ್‌ನ ಮುಖ್ಯ ಅಸ್ತ್ರವೇ ಜ್ಯಾಬ್ ಹಿಂದಿನ ಉದ್ದ ಬಲಗೈ, ಅದೂ 113 ಕೆಜಿಯ ಹಿಂದಿನಿಂದ. ಇಮ್ಯಾನ್ಯುಯೆಲ್ ಸ್ಟುವರ್ಡ್ ಮ್ಯಾಕಾಲ್‌ನ ಮೂಲೆಯಲ್ಲಿದ್ದು ಲೆನಾಕ್ಸ್‌ನನ್ನು ಸೋಲಿಸಿದವರು, ಆಮೇಲೆ ಅವನದೇ ತರಬೇತುದಾರರಾದರು. ಅವರ ಕೈಕೆಳಗೆ ಲೆನಾಕ್ಸ್ ಜ್ಯಾಬ್, ಬಲಗೈ, ತಬ್ಬು, ಒರಗು ಎಂಬ ಕ್ರಮ ಕಲಿತ. ನನ್ನ ತೀರ್ಪು: ಎರಡನೇ ಟೈಸನ್-ಪಂದ್ಯದ ಕಾಲದ ಎಚ್ಚರ ಇರುವ ಲೆನಾಕ್ಸ್ ಆದರೆ 7ರಿಂದ 9ನೇ ರೌಂಡಿನಲ್ಲಿ ಗೆಲ್ಲುತ್ತಾನೆ. 2001ರ ಏಪ್ರಿಲ್‌ನಂತೆ ತರಬೇತಿ ಸಡಿಲ ಬಿಟ್ಟು ಬಂದ ಲೆನಾಕ್ಸ್ ಆದರೆ ಜೋ ಐದರೊಳಗೆ ಮುಗಿಸುತ್ತಾನೆ.

ಕಟ್‌ಮ್ಯಾನ್:

ತಕ್ಕಡಿಯವರೇ, ಲೆನಾಕ್ಸ್ ಮತ್ತು ಟೈಸನ್ ವೃತ್ತಿಪರರಾಗಿ ಆಡಿದ್ದು ಒಂದೇ ಸಲ, 2002ರ ಜೂನ್ 8ರಂದು ಮೆಂಫಿಸ್‌ನಲ್ಲಿ. ನೀವು ಹೇಳುತ್ತಿರುವ ಲೆನಾಕ್ಸ್ ಆ ರಾತ್ರಿಯವನೇ ತಾನೆ? ಎಂಟನೇ ರೌಂಡಿನಲ್ಲಿ ಮುಗಿಸಿದವನು. ಓದುವವರಿಗೆ ಗೊಂದಲ ಆಗದಿರಲಿ ಅಂತ ಹೇಳಿದೆ.

ಒಂದು ಅಂಶ ಸೇರಿಸುತ್ತೇನೆ, ಗಾಯದ ನಿಯಮ. 1954ರ ಸೆಪ್ಟೆಂಬರ್‌ನಲ್ಲಿ ಎಜರ್ಡ್ ಚಾರ್ಲ್ಸ್ ಜತೆಗಿನ ಎರಡನೇ ಪಂದ್ಯದಲ್ಲಿ ಮಾರ್ಸಿಯಾನೊನ ಮೂಗಿನ ತುದಿ ಸೀಳಿತ್ತು. ರಕ್ತ ನಿಲ್ಲಲಿಲ್ಲ, ಪಂದ್ಯ ನಿಂತೀತೆಂದು ಗೊತ್ತಾಗಿಯೇ ಅವನು ಎಂಟನೇ ರೌಂಡಿನಲ್ಲಿ ನುಗ್ಗಿ ಮುಗಿಸಿದ. 2003ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ವಿಟಾಲಿ ಕ್ಲಿಚ್ಕೊ ಮೂರೂ ಕಾರ್ಡ್‌ಗಳಲ್ಲಿ 58-56ರಿಂದ ಲೆನಾಕ್ಸ್‌ಗಿಂತ ಮುಂದಿದ್ದಾಗ ಕಣ್ಣಿನ ಮೇಲಿನ ಗಾಯ ನೋಡಿ ವೈದ್ಯರು ಆರನೇ ರೌಂಡಿನ ಬಳಿಕ ನಿಲ್ಲಿಸಿದರು. ಈಗಿನ ವೈದ್ಯರನ್ನು 1954ರ ಮೂಲೆಯಲ್ಲಿ ನಿಲ್ಲಿಸಿದರೆ ಮಾರ್ಸಿಯಾನೊನ 49-0ರ ಸೊನ್ನೆ ಉಳಿಯುವುದು ಕಷ್ಟ. ಸಣ್ಣ ಗ್ಲೌಸ್ ಜತೆ ಹಳೆಯ ವೈದ್ಯರು, ದೊಡ್ಡ ಗ್ಲೌಸ್ ಜತೆ ಹೊಸ ವೈದ್ಯರು, ಹೀಗೆ ಜೋಡಿಯಾಗಿಯೇ ನಿಯಮ ಆರಿಸಿಕೊಳ್ಳಿ. ಆರು ಔನ್ಸಿನ ಗ್ಲೌಸ್ ಹಾಕಿಸಿ 2003ರ ವೈದ್ಯರನ್ನು ಕೂರಿಸಿದರೆ ಯಾವ ಪಂದ್ಯವೂ ಆರು ರೌಂಡ್ ದಾಟುವುದಿಲ್ಲ.

ಮುಂಗಾಲು:

ಅಲಿ-ಟೈಸನ್. ನಾನು ಹಾಕುವ ತಾರೀಖು: ಅಲಿ 1966ರ ನವೆಂಬರ್, ಟೈಸನ್ 1988ರ ಜೂನ್ 27, ಅಂದರೆ ಮೈಕಲ್ ಸ್ಪಿಂಕ್ಸ್‌ನನ್ನು 91 ಸೆಕೆಂಡಿನಲ್ಲಿ ಮುಗಿಸಿದ ರಾತ್ರಿ. ಆದರೆ ಟೈಸನ್‌ನನ್ನು ಅಳೆಯಲು ಆ 91 ಸೆಕೆಂಡ್ ನೋಡಬೇಡಿ, ಅದರಲ್ಲಿ ಕಲಿಯುವುದಕ್ಕೆ ಏನೂ ಇಲ್ಲ. 1987ರ ಎರಡು ಪಂದ್ಯ ನೋಡಿ: ಮಾರ್ಚ್‌ನಲ್ಲಿ ಜೇಮ್ಸ್ ಸ್ಮಿತ್, ಆಗಸ್ಟ್‌ನಲ್ಲಿ ಟೋನಿ ಟಕರ್. ಎರಡೂ ಪೂರ್ತಿ 12 ರೌಂಡ್ ನಡೆದವು.

ಟೈಸನ್ ಒಳಗೆ ಬರುವ ಕ್ರಮ ಹೀಗಿದೆ. ಎರಡೂ ಗ್ಲೌಸ್ ಕೆನ್ನೆಗೆ, ತಲೆ ಎಡಕ್ಕೆ ಬಲಕ್ಕೆ ತೂಗುತ್ತಿರುತ್ತದೆ. ಎದುರಾಳಿಯ ಜ್ಯಾಬ್ ಬಂದಾಗ ತಲೆ ಅದರ ಪಕ್ಕಕ್ಕೆ ಜಾರುತ್ತದೆ, ಅದೇ ಕ್ಷಣದಲ್ಲಿ ಕಾಲು ಒಳಗೆ ಬರುತ್ತದೆ. ಜಾರಿದ ಬದಿಯ ಸೊಂಟದಲ್ಲಿ ತೂಕ ಕೂತಿರುತ್ತದೆ, ಅಲ್ಲಿಂದಲೇ ಹುಕ್ (ಪಕ್ಕದಿಂದ ಬಳಸಿ ಬರುವ ಗುದ್ದು) ಅಥವಾ ಅಪ್ಪರ್‌ಕಟ್ (ಕೆಳಗಿನಿಂದ ಮೇಲಕ್ಕೆ ಬರುವ ಗುದ್ದು) ಏಳುತ್ತದೆ. ಮೂರು, ನಾಲ್ಕು ಗುದ್ದಿನ ಸರಣಿ. ಇಲ್ಲಿ ಎರಡು ಬಿರುಕು ಇವೆ. ಒಂದು, ಆ ಜಾರುವಿಕೆಗೆ ಎದುರಾಳಿಯ ಜ್ಯಾಬ್ ಬೇಕು. ಜ್ಯಾಬ್ ಹೊಡೆಯುವವನು ಹೊಡೆದ ಜಾಗದಲ್ಲಿ ಇರಬೇಕು. ಎರಡು, ಸರಣಿ ಮುಗಿದ ಮೇಲೆ ಎದುರಾಳಿ ತೋಳು ಕಟ್ಟಿದರೆ ಟೈಸನ್ ಒಳಗೇ ಕೆಲಸ ಮುಂದುವರಿಸುವುದಿಲ್ಲ, ರೆಫರಿ ಬಿಡಿಸಲಿ ಅಂತ ಕಾಯುತ್ತಾನೆ. ಸ್ಮಿತ್ ಇಡೀ ರಾತ್ರಿ ಅದೇ ಮಾಡಿದ. ಅವನು ಗೆಲ್ಲಲು ಹೊಡೆಯಲಿಲ್ಲ, ಹಾಗಾಗಿ ಸೋತ. 1990ರ ಫೆಬ್ರವರಿಯಲ್ಲಿ ಟೋಕಿಯೊದಲ್ಲಿ 83 ಇಂಚು ರೀಚ್‌ನ ಬಸ್ಟರ್ ಡಗ್ಲಸ್ ತಬ್ಬುವುದನ್ನೂ ಮಾಡಿದ, ಜ್ಯಾಬ್ ಹಿಂದೆ ಬಲಗೈಯನ್ನೂ ಹೊಡೆದ, ಹತ್ತನೇ ರೌಂಡಿನಲ್ಲಿ ಮುಗಿಸಿದ. ಆ ಟೈಸನ್ 1988ರವನಲ್ಲ ನಿಜ, ತರಬೇತುದಾರ ಕೆವಿನ್ ರೂನಿಯನ್ನು ಬಿಟ್ಟ ಮೇಲೆ ತಲೆಯ ಚಲನೆ ಕಡಿಮೆಯಾಗಿತ್ತು. ಆದರೆ ಬಿರುಕು 1987ರಲ್ಲೂ ಅದೇ ಜಾಗದಲ್ಲಿತ್ತು.

1966ರ ಅಲಿಯ ಜ್ಯಾಬ್ ನಡೆಯುತ್ತಾ ಹೊಡೆಯುವಂಥದು. ತಾಗಿತೋ ಇಲ್ಲವೋ, ಹೊಡೆದವನು ಅಲ್ಲಿರುವುದಿಲ್ಲ. ಟೈಸನ್ ಜಾರಿ ಒಳಗೆ ಕಾಲಿಟ್ಟಾಗ ಎದುರು ಖಾಲಿ ಜಾಗ. ರೀಚ್‌ನಲ್ಲಿ ಏಳು ಇಂಚು ಅಂತರ, 78ಕ್ಕೆ 71. ಒಳಗೆ ಸಿಕ್ಕಿದಾಗ ಅಲಿ ಎಡಗೈಯನ್ನು ಕುತ್ತಿಗೆಯ ಹಿಂದೆ ಹಾಕಿ ತಲೆಯನ್ನು ಕೆಳಕ್ಕೆ ಎಳೆಯುತ್ತಾನೆ. ಬಾಗಿ ಬರುವ ಟೈಸನ್‌ಗೆ ಇದಕ್ಕಿಂತ ಕಷ್ಟದ ಹಿಡಿತ ಇಲ್ಲ.

ಇಲ್ಲೇ ರೆಫರಿ ಬರುವುದು. ಆ ಹಿಡಿತ ನಿಯಮಬಾಹಿರ. 1974ರ ಜನವರಿಯ ಎರಡನೇ ಫ್ರೇಜರ್ ಪಂದ್ಯದಲ್ಲಿ ರೆಫರಿ ಟೋನಿ ಪೆರೆಜ್ ಅದನ್ನು ಬಿಟ್ಟುಬಿಟ್ಟರು, ಅಲಿ ಗೆದ್ದ. 1975ರಲ್ಲಿ ಮನಿಲಾದಲ್ಲಿ ನಡೆದ ಮೂರನೇ ಪಂದ್ಯಕ್ಕೆ ಫ್ರೇಜರ್‌ನ ತರಬೇತುದಾರ ಎಡ್ಡಿ ಫಚ್ ಹಟ ಹಿಡಿದು ಸ್ಥಳೀಯ ರೆಫರಿ ಕಾರ್ಲೋಸ್ ಪಡಿಲ್ಲಾ ಬರುವಂತೆ ಮಾಡಿದರು. ಪಡಿಲ್ಲಾ ಆ ಕೈಯನ್ನು ಬಡಿದು ಬಿಡಿಸುತ್ತಿದ್ದರು. ಪಂದ್ಯ 14 ರೌಂಡಿನ ನರಕವಾಯಿತು. ಪೆರೆಜ್ ಇದ್ದರೆ ನನ್ನ ತೀರ್ಪು: ಅಲಿ, 11ರಿಂದ 13ನೇ ರೌಂಡಿನಲ್ಲಿ, ಮುಖ ಊದಿದ ಟೈಸನ್‌ನನ್ನು ರೆಫರಿ ನಿಲ್ಲಿಸುತ್ತಾರೆ. ಪಡಿಲ್ಲಾ ಇದ್ದರೆ ಅಲಿಯೇ, ಆದರೆ ಅಂಕಗಳಲ್ಲಿ, ಒಂದು ಸಲ ಬಿದ್ದೆದ್ದು.

ಎಡ ಹುಕ್:

ಮುಂಗಾಲು ಸರ್, ಟೈಸನ್‌ನ ಬಿರುಕುಗಳನ್ನು ಇಷ್ಟು ಚೆನ್ನಾಗಿ ತೋರಿಸಿ ಅಲಿಯದನ್ನು ಬಿಟ್ಟುಬಿಟ್ಟಿರಿ. ಅಲಿ ಏಟು ತಪ್ಪಿಸಿಕೊಳ್ಳುವುದು ಪಕ್ಕಕ್ಕೆ ಜಾರಿ ಅಲ್ಲ, ಕೈ ಸೊಂಟದ ಹತ್ತಿರ ಇಟ್ಟು ತಲೆಯನ್ನು ನೇರ ಹಿಂದಕ್ಕೆ ಎಳೆದುಕೊಂಡು. ಮೊದಲ ಗುದ್ದು ಇದರಿಂದ ತಪ್ಪುತ್ತದೆ. ಹಿಂದೆಯೇ ಬರುವ ಎಡ ಹುಕ್‌ಗೆ ಆ ತಲೆ ಸರಿಯಾಗಿ ಸಿಗುತ್ತದೆ. 1962ರಲ್ಲಿ ಸಾನಿ ಬ್ಯಾಂಕ್ಸ್ ಎಡ ಹುಕ್‌ನಿಂದ ಕೆಡವಿದ. 1963ರಲ್ಲಿ ಹೆನ್ರಿ ಕೂಪರ್, ಅದೇ ಎಡ ಹುಕ್, ನಾಲ್ಕನೇ ರೌಂಡಿನ ಕೊನೆಯಲ್ಲಿ. ಗಂಟೆ ಹೊಡೆಯದಿದ್ದರೆ ಏನಾಗುತ್ತಿತ್ತೋ. ಕೂಪರ್‌ನ ತೂಕ 84 ಕೆಜಿ. 1971ರ ಮಾರ್ಚ್ 8ರಂದು 15ನೇ ರೌಂಡಿನಲ್ಲಿ ಫ್ರೇಜರ್, ಮತ್ತೆ ಎಡ ಹುಕ್. ಒಂದೇ ಗುದ್ದು ಮೂರು ಕೈಗಳಿಂದ ತಾಗಿದೆ ಅಂದರೆ ಅದು ಆಕಸ್ಮಿಕ ಅಲ್ಲ. 99 ಕೆಜಿಯ ಟೈಸನ್‌ನ ಅತ್ಯುತ್ತಮ ಗುದ್ದು ಯಾವುದು? ಅದೇ.

1966ರ ಅಲಿಯ ಶ್ರೇಷ್ಠತೆಗೆ ಎಲ್ಲರೂ ಕೊಡುವ ಸಾಕ್ಷಿ ವಿಲಿಯಮ್ಸ್ ಪಂದ್ಯ. ಆ ವಿಲಿಯಮ್ಸ್‌ಗೆ 1964ರಲ್ಲಿ ಪೊಲೀಸ್ ಗುಂಡು ತಗುಲಿ ಒಂದು ಮೂತ್ರಪಿಂಡವೇ ಹೋಗಿತ್ತು. ಅಲಿಯ ಕಾಲುಗಳು ಆ ರಾತ್ರಿ ಎಷ್ಟು ಚೆನ್ನಾಗಿದ್ದವು ಅನ್ನುವುದಕ್ಕೆ ಅದು ಸಾಕ್ಷಿ, ಒತ್ತಡ ತಾಳುವುದಕ್ಕೆ ಅಲ್ಲ. ತಲೆ ಜಾರಿಸಿಕೊಂಡು ವೇಗವಾಗಿ ಒಳಗೆ ಬರುವ ಬಾಕ್ಸರ್‌ಗಳನ್ನು 1967ರ ಮೊದಲಿನ ಅಲಿ ಎದುರಿಸಿದ್ದು ಬಹಳ ಕಡಿಮೆ. 18 ಅಡಿಯ ರಿಂಗ್, 12 ರೌಂಡ್, ತಬ್ಬಿದರೆ ಬಿಡಿಸುವ ರೆಫರಿ: ಇಷ್ಟಿದ್ದರೆ ನನ್ನ ಮತ ಟೈಸನ್‌ಗೆ, ನಾಲ್ಕನೇ ರೌಂಡಿನ ಆಸುಪಾಸು.

ಮುಂಗಾಲು:

ಬ್ಯಾಂಕ್ಸ್, ಕೂಪರ್, ಫ್ರೇಜರ್ ಮೂವರೂ ಕೆಡವಿದರು ನಿಜ. ಅಲಿ ಮೂರೂ ಸಲ ಎದ್ದ, ಬ್ಯಾಂಕ್ಸ್ ಮತ್ತು ಕೂಪರ್ ಇಬ್ಬರನ್ನೂ ಅದೇ ರಾತ್ರಿ ಮುಗಿಸಿದ. ಟೈಸನ್ ವೃತ್ತಿಜೀವನದಲ್ಲಿ ಕ್ಯಾನ್ವಾಸ್‌ಗೆ ಬಿದ್ದ ಮೇಲೆ ಎದ್ದು ಬಂದು ಗೆದ್ದ ಪಂದ್ಯ ಒಂದೂ ಇಲ್ಲ. ನಾಲ್ಕನೇ ರೌಂಡಿನಲ್ಲಿ ನಾಕ್‌ಡೌನ್ ಆಗುತ್ತದೆ ಅಂತ ನಾನೂ ಒಪ್ಪುತ್ತೇನೆ. ಅಲ್ಲಿಗೆ ಪಂದ್ಯ ಮುಗಿಯುತ್ತದೆ ಅನ್ನುವುದನ್ನು ಒಪ್ಪುವುದಿಲ್ಲ.

ಮೂಲೆ ಸ್ಟೂಲ್:

ಹೊಡೆತ, ನಿಯಮ, ರೆಫರಿ ಎಲ್ಲ ಸೇರಿಸಿ ಹೇಳುತ್ತಿದ್ದೀರಿ, ಬಹಳ ಉಪಯುಕ್ತ. ಮಾರ್ಸಿಯಾನೊ-ಉಸಿಕ್ ಜೋಡಿಯನ್ನು ಯಾರೂ ಮುಟ್ಟಿಲ್ಲ. ಇಬ್ಬರೂ ವೃತ್ತಿಪರರಾಗಿ ಸೋಲದವರು, ಇಬ್ಬರೂ ದಣಿವರಿಯದವರು ಅಂತ ಆರಿಸಿದೆ. ಇದರಲ್ಲಿ ತೂಕವನ್ನು ಹೇಗೆ ಸರಿದೂಗಿಸಬೇಕು?

ಎಡಗೈ ನಿಲುವು:

ಸರಿದೂಗಿಸುವ ದಾರಿ ಇದೆ. ಫ್ಯೂರಿಯನ್ನು ಸೋಲಿಸಿದ 101 ಕೆಜಿಯ ಉಸಿಕ್‌ನನ್ನು ತೆಗೆದುಕೊಳ್ಳಬೇಡಿ. 2018ರ ಜುಲೈನಲ್ಲಿ ಮಾಸ್ಕೋದಲ್ಲಿ ಮುರಾತ್ ಗಾಸಿಯೆವ್‌ನನ್ನು ಸೋಲಿಸಿ ಕ್ರೂಸರ್‌ವೇಟ್‌ನ ನಾಲ್ಕೂ ಬೆಲ್ಟ್ ಕಟ್ಟಿಕೊಂಡ ಉಸಿಕ್‌ನನ್ನು ತೆಗೆದುಕೊಳ್ಳಿ. ಆಗ ಅವನು 90 ಕೆಜಿಯೊಳಗಿನವನು, ಮಾರ್ಸಿಯಾನೊಗಿಂತ ನಾಲ್ಕೈದು ಕೆಜಿ ಮಾತ್ರ ಹೆಚ್ಚು. ತೂಕ ಹೀಗೆ ಹತ್ತಿರ ಬಂತು. ಅಳತೆ ಹತ್ತಿರ ಬರುವುದಿಲ್ಲ: ಉಸಿಕ್ 6 ಅಡಿ 3 ಇಂಚು, ರೀಚ್ 78; ಮಾರ್ಸಿಯಾನೊ 5 ಅಡಿ ಹತ್ತೂವರೆ, ರೀಚ್ 68.

ಇದಕ್ಕಿಂತ ದೊಡ್ಡ ಅಡ್ಡಿ ಉಸಿಕ್‌ನ ಎಡಗೈ ನಿಲುವು, ಸೌತ್‌ಪಾ, ಅಂದರೆ ಬಲಗೈ, ಬಲಗಾಲು ಮುಂದಿಟ್ಟು ನಿಲ್ಲುವುದು. ಹೆವಿವೇಟ್‌ನಲ್ಲಿ ಮೊದಲ ಸೌತ್‌ಪಾ ಚಾಂಪಿಯನ್ ಬಂದದ್ದೇ 1994ರಲ್ಲಿ, ಮೈಕಲ್ ಮೂರರ್. ಹೆವಿವೇಟ್ ಪ್ರಶಸ್ತಿಗೆ ಸೌತ್‌ಪಾ ಒಬ್ಬ ಮೊದಲು ಸವಾಲು ಹಾಕಿದ್ದೇ 1966ರ ಸೆಪ್ಟೆಂಬರ್‌ನಲ್ಲಿ, ಫ್ರಾಂಕ್‌ಫರ್ಟ್‌ನಲ್ಲಿ ಕಾರ್ಲ್ ಮಿಲ್ಡೆನ್‌ಬರ್ಗರ್, ಎದುರಾಳಿ ಅಲಿ. ನೀವೆಲ್ಲ ಅತ್ಯುತ್ತಮ ಅನ್ನುವ ಆ 1966ರ ಅಲಿಗೇ ಅವನನ್ನು ಮುಗಿಸಲು 12ನೇ ರೌಂಡ್ ಬೇಕಾಯಿತು, ಅಷ್ಟರಲ್ಲಿ ಪಕ್ಕೆಗೆ ಎಡಗೈ ಏಟುಗಳನ್ನು ತಿಂದಿದ್ದ. ಕಾರಣ ಸರಳ. ಸೌತ್‌ಪಾ ಎದುರು ನಿಂತಾಗ ಇಬ್ಬರ ಮುಂಗಾಲುಗಳು ಒಂದಕ್ಕೊಂದು ಎದುರಾಗುತ್ತವೆ, ಇಬ್ಬರ ಮುಂದಿನ ಕೈಗಳೂ ಒಂದನ್ನೊಂದು ಅಡ್ಡಗಟ್ಟುತ್ತವೆ. ಜ್ಯಾಬ್ ಹೊಡೆದು ಜೀವನ ಸಾಗಿಸಿದವನಿಗೆ ಜ್ಯಾಬೇ ಇರುವುದಿಲ್ಲ. ಯಾರ ಮುಂಗಾಲು ಹೊರಗಡೆ ಕೂರುತ್ತದೋ ಅವನ ಹಿಂದಿನ ಕೈಗೆ ನೇರ ದಾರಿ ಸಿಗುತ್ತದೆ. ಉಸಿಕ್ ಬದುಕಿರುವುದೇ ಆ ಹೊರಗಾಲಿನ ಮೇಲೆ.

ಮಾರ್ಸಿಯಾನೊಗೆ ಏನಿದೆ? ಜ್ಯಾಬ್ ಮೇಲೆ ಅವನೆಂದೂ ನಿಂತವನಲ್ಲ, ಹಾಗಾಗಿ ಕಳೆದುಕೊಳ್ಳುವುದು ಕಡಿಮೆ. ತೀರಾ ತಗ್ಗಿ ಬರುತ್ತಾನೆ. ಸಿಕ್ಕಲ್ಲಿ ಹೊಡೆಯುತ್ತಾನೆ: ತೋಳು, ಭುಜ, ಮೊಣಕೈ. 1953ರಲ್ಲಿ ರೋಲಂಡ್ ಲಾಸ್ಟಾರ್ಜಾ ತೋಳುಗಳಲ್ಲಿ ತಡೆದು ತಡೆದು ಕೊನೆಗೆ ಕೈ ಎತ್ತಲಾಗದೆ 11ನೇ ರೌಂಡಿನಲ್ಲಿ ಸೋತ. ಉಸಿಕ್‌ಗೆ ಕಷ್ಟ ಕೊಟ್ಟವರು ಯಾರು ಅಂತ ನೋಡಿದರೂ ಇದೇ ಜಾತಿ: 2020ರಲ್ಲಿ ಚಿಸೊರಾ ಮೊದಲ ಕೆಲವು ರೌಂಡುಗಳಲ್ಲಿ ದೇಹಕ್ಕೆ ಹೊಡೆಯುತ್ತ ನುಗ್ಗಿ ಉಸಿಕ್‌ನನ್ನು ಹಿಂದೆ ತಳ್ಳಿದ. ಆದರೆ ಚಿಸೊರಾಗೆ ಆ ವೇಗ ಉಳಿಸಿಕೊಳ್ಳಲಾಗಲಿಲ್ಲ. ಮಾರ್ಸಿಯಾನೊ 15 ರೌಂಡ್ ಅದೇ ವೇಗದಲ್ಲಿ ಬರಬಲ್ಲ. ನನಗೆ ಈ ಜೋಡಿ ಇಷ್ಟವಾಗುವುದು ಅದಕ್ಕೇ.

12 ರೌಂಡ್ ಆದರೆ ಉಸಿಕ್, ಅಂಕಗಳಲ್ಲಿ, 9-3ರ ಹಾಗೆ. 15 ಆದರೆ ಕೊನೆಯ ಮೂರರಲ್ಲಿ ಅಪಾಯ ಇದೆ. ಆದರೂ ಉಸಿಕ್‌ನೇ ಅನ್ನುತ್ತೇನೆ, ಯಾಕೆಂದರೆ ಅವನೂ 10ನೇ ರೌಂಡಿನ ಮೇಲೆ ವೇಗ ಹೆಚ್ಚಿಸುವವನು. 13ರಲ್ಲಿ ವಾಲ್ಕಾಟ್ ಹಗ್ಗಕ್ಕೆ ಬೆನ್ನು ಕೊಟ್ಟು ನಿಂತು ಬಲಗೈ ತಿಂದ. ಉಸಿಕ್ ಹಗ್ಗಕ್ಕೆ ಬೆನ್ನು ಕೊಟ್ಟು ನಿಲ್ಲುವವನಲ್ಲ, ತಿರುಗಿ ಹೊರಬರುತ್ತಾನೆ.

ಹಳೇ ರೀಲು:

ಪಂದ್ಯ ನೋಡುವ ಬಗ್ಗೆ ಕೇಳಿದ್ದಿರಿ. ಮೂಕಿ ಕಾಲದ ಚಿತ್ರಗಳನ್ನು ಕೈಯಿಂದ ತಿರುಗಿಸುವ ಕ್ಯಾಮೆರಾದಲ್ಲಿ ಸೆಕೆಂಡಿಗೆ 16-18 ಚೌಕಟ್ಟಿನಂತೆ ತೆಗೆದದ್ದು. ಅದನ್ನು 24ರ ವೇಗದಲ್ಲಿ ಓಡಿಸಿದರೆ ಜ್ಯಾಕ್ ಜಾನ್ಸನ್, ಡೆಂಪ್ಸಿ ಎಲ್ಲ ತಟತಟನೆ ಕುಪ್ಪಳಿಸುವ ಹಾಗೆ ಕಾಣುತ್ತಾರೆ. "ಹಳಬರಿಗೆ ತಂತ್ರವೇ ಇರಲಿಲ್ಲ" ಅನ್ನುವ ಮಾತು ಅರ್ಧಕ್ಕರ್ಧ ಹುಟ್ಟಿದ್ದು ಅಲ್ಲಿಂದ. ವೀಡಿಯೊ ವೇಗವನ್ನು 0.75ಕ್ಕೆ ಇಳಿಸಿ ನೋಡಿ, ಜಾನ್ಸನ್ ಎದುರಾಳಿಯ ತೋಳಿನ ಮೇಲ್ಭಾಗವನ್ನೇ ಹಿಡಿದು ಗುದ್ದು ಹುಟ್ಟುವ ಮೊದಲೇ ಕೊಲ್ಲುವುದು ಕಾಣುತ್ತದೆ.

ನೋಡುವಾಗ ಮೊದಲ ಸಲ ಕಾಲು ಮಾತ್ರ ನೋಡಿ. ಎರಡನೇ ಸಲ ಜ್ಯಾಬ್ ಹೊಡೆದ ಕೈ ಯಾವ ದಾರಿಯಲ್ಲಿ ವಾಪಸ್ ಬರುತ್ತದೆ ಅನ್ನುವುದನ್ನು ಮಾತ್ರ. ಮೂರನೇ ಸಲ ಬಲವಾದ ಏಟು ಬಿದ್ದ ಮರುಕ್ಷಣ ಏನು ಮಾಡುತ್ತಾನೆ: ತಬ್ಬುತ್ತಾನೋ, ಹಿಂದೆ ಸರಿಯುತ್ತಾನೋ, ತಿರುಗಿ ಹೊಡೆಯುತ್ತಾನೋ. ಅದಕ್ಕೇ ಗೆದ್ದ ಪಂದ್ಯಗಳಿಗಿಂತ ಕಷ್ಟಪಟ್ಟ ಪಂದ್ಯ ನೋಡಬೇಕು. ಜೋಗೆ 1936ರ ಶ್ಮೆಲಿಂಗ್, 1941ರ ಕಾನ್. ಅಲಿಗೆ ಮಿಲ್ಡೆನ್‌ಬರ್ಗರ್. ಟೈಸನ್‌ಗೆ ಟಕರ್.

ಸರಪಳಿ ವಾದಕ್ಕೆ ಹೆಚ್ಚು ಹೊತ್ತು ಬೇಡ: ಫ್ರೇಜರ್ ಅಲಿಯನ್ನು ಸೋಲಿಸಿದ, ಫೋರ್‌ಮನ್ ಫ್ರೇಜರ್‌ನನ್ನು ಎರಡು ರೌಂಡಿನಲ್ಲಿ, ಅಲಿ ಫೋರ್‌ಮನ್‌ನನ್ನು. ಮೂರೂ 1971ರಿಂದ 1974ರ ನಡುವೆ, ಒಂದೇ ಕಾಲದಲ್ಲಿ. ಅಲ್ಲೇ ಹೊಂದದ ಲೆಕ್ಕ ಐವತ್ತು ವರ್ಷದ ಅಂತರಕ್ಕೆ ಹೇಗೆ ಹೊಂದೀತು?

ಕಂಪ್ಯೂಟರ್‌ಗೆ ಕೇಳೋಣ ಅನ್ನುವವರಿಗೂ ಒಂದು ಮಾತು. 1969ರಲ್ಲೇ ಮರ್ರಿ ವೊರೊನರ್ ಎಂಬ ನಿರ್ಮಾಪಕ ಎನ್‌ಸಿಆರ್ 315 ಯಂತ್ರಕ್ಕೆ ಅಂಕಿ ಉಣಿಸಿ, ಮಾರ್ಸಿಯಾನೊ ಮತ್ತು ಅಲಿ ಇಬ್ಬರನ್ನೂ ಕರೆಸಿ ಒಂದೊಂದು ನಿಮಿಷದ ತುಣುಕುಗಳನ್ನು ಚಿತ್ರೀಕರಿಸಿದ್ದ. 1970ರ ಜನವರಿ 20ರಂದು ತೋರಿಸಿದಾಗ ಅಮೆರಿಕದಲ್ಲಿ 13ನೇ ರೌಂಡಿನಲ್ಲಿ ಮಾರ್ಸಿಯಾನೊ ಗೆದ್ದ. ಬ್ರಿಟನ್‌ನಲ್ಲಿ ತೋರಿಸಿದ್ದರಲ್ಲಿ ಗಾಯದ ಕಾರಣಕ್ಕೆ ಅಲಿ ಗೆದ್ದ. ಒಂದೇ ಯಂತ್ರದ ಹೆಸರಲ್ಲಿ ಎರಡು ಫಲಿತಾಂಶ. ಮಾರ್ಸಿಯಾನೊ ಅದನ್ನು ನೋಡಲು ಇರಲಿಲ್ಲ, ಚಿತ್ರೀಕರಣ ಮುಗಿದ ಕೆಲವೇ ವಾರಗಳಲ್ಲಿ, 1969ರ ಆಗಸ್ಟ್ 31ರಂದು ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ.

ಮೂಲೆ ಸ್ಟೂಲ್:

ಹಾಗಾದರೆ ಮೊದಲ ಮತದಾನಕ್ಕೆ ಹೀಗೆ ಇಡುತ್ತೇನೆ: ಅಲಿ, 1966 ನವೆಂಬರ್ 14, 96 ಕೆಜಿ, ಟೈಸನ್, 1988 ಜೂನ್ 27, 99 ಕೆಜಿ. 15 ರೌಂಡ್, 8 ಔನ್ಸ್ ಗ್ಲೌಸ್, 20 ಅಡಿ ರಿಂಗ್, ರೆಫರಿ ಕಾರ್ಲೋಸ್ ಪಡಿಲ್ಲಾ.

ಎಡ ಹುಕ್:

ರೌಂಡು, ಗ್ಲೌಸು, ರಿಂಗು ಮೂರೂ ಅಲಿಯ ಕಾಲದ್ದಾದವು, ಟೈಸನ್‌ಗೆ ಸಿಕ್ಕಿದ್ದು ರೆಫರಿ ಮಾತ್ರ. ರಿಂಗನ್ನು 18 ಅಡಿ ಮಾಡಿ, ನಾನು ಒಪ್ಪುತ್ತೇನೆ.

ಮುಂಗಾಲು:

18 ಆಗಲಿ. ಹಗ್ಗ ಬಿಗಿಯಾಗಿರಬೇಕು, ಕಿನ್ಶಾಸದ ಹಾಗೆ ಸಡಿಲ ಬೇಡ. ಸಡಿಲ ಹಗ್ಗದಲ್ಲಿ ಹಿಂದಕ್ಕೆ ಬಾಗಿದ ಅಲಿಯ ತಲೆಗೆ ಯಾರ ಕೈಯೂ ತಲುಪುವುದಿಲ್ಲ, ಅದು ನಿಮಗೂ ನ್ಯಾಯ ಅಲ್ಲ.